ಕೊನೆಯ ಬೆಂಚಿಗೆ ಕಾಣುವ ಅಕ್ಷರ

ಸಾಗರ
10 ಫೆಬ್ರವರಿ 2025

ಪ್ರಭುವಿನಲ್ಲಿ ಪ್ರೀತಿಯ ತಂಗಿ ಆಶಾಳಿಗೆ ಅಕ್ಕನ ವಂದನೆಗಳು.

ತೀರ್ಥಹಳ್ಳಿಯ ನಿಮ್ಮ ಚರ್ಚಿಗೂ ಪರದೆ ಬಂದಿದೆ, ಪಾಸ್ಟರ್ ಅಯ್ಯನವರ ಪ್ರಸಂಗದ ಸ್ಲೈಡ್ ಮಾಡುವುದು ಹೇಗೆಂದು ಬರೆದು ತಿಳಿಸು ಎಂದು ನೀನು ಕೇಳಿ ತಿಂಗಳಾಯಿತು. ತಡ ಮಾಡಿದೆನೆಂದು ಬೈಯಬೇಡ ಮಾರಾಯ್ತಿ. ನನಗೇ ಸರಿಯಾಗಿ ಬರುತ್ತಿರಲಿಲ್ಲವೆಂದು ಈಗ ಗೊತ್ತಾಗಿದೆ.

ಮೊದಲಿನ ಸ್ಲೈಡ್ ನೋಡಿದ್ದರೆ ನೀನು ನಗುತ್ತಿದ್ದೆ. ಹಿಂದೆ ಜೋಗದ ಜಲಪಾತ, ಮೇಲೆ ಹಳದಿ ಅಕ್ಷರ, ಬೈಬಲ್ಲಿನ ಇಡೀ ಕೀರ್ತನೆ ಒಂದೇ ಪರದೆಯಲ್ಲಿ! ಹಿಂದಿನ ಬೆಂಚಿನ ಎಸ್ತೇರಮ್ಮ ಚರ್ಚಿನ ಬಾಗಿಲಲ್ಲೇ ಹಿಡಿದುಕೊಂಡರು. "ಹೇಮಾ, ನೀರು ಕಾಣ್ತದೆ, ವಾಕ್ಯ ಕಾಣೂದಿಲ್ಲ ಕಣೇ." ನನಗೆ ಸಿಟ್ಟು ನೆತ್ತಿಗೇರಿತು. "ಹಂಗಾರೆ ಕನ್ನಡಕ ಬದಲಾಯ್ಸಿ" ಎಂದುಬಿಟ್ಟೆ. ನಿನ್ನ ಭಾವ ಪಕ್ಕದಲ್ಲೇ ಇದ್ದರು.

ನನಗೆ ಅಷ್ಟು ಧೈರ್ಯ ಬಂದದ್ದೂ ಅವರಿಂದಲೇ. ಪ್ರತಿ ಶನಿವಾರ ಸಂಜೆ ಅವರನ್ನು ಕೊನೆಯ ಬೆಂಚಿನಲ್ಲಿ ಕೂರಿಸಿ, ಇಂಥ ಕೀರ್ತನೆ ಎಂದು ಹೇಳಿ ಓದಿಸುತ್ತಿದ್ದೆ. ಮೂವತ್ತು ವರ್ಷ ಸಭೆಯಲ್ಲಿ ವಾಕ್ಯ ಓದಿದವರು, ಒಂದಕ್ಷರ ತಪ್ಪುತ್ತಿರಲಿಲ್ಲ. "ಚೆನ್ನಾಗಿ ಕಾಣ್ತದೆ, ನೀ ತಲೆ ಕೆಡಿಸ್ಕೋಬೇಡ" ಅನ್ನುತ್ತಿದ್ದರು.

ಆದರೆ ಭಾನುವಾರದ ಆರಾಧನೆಯಲ್ಲಿ ಅಯ್ಯನವರು ಒಂದು ವಚನ, ಸಭೆ ಒಂದು ವಚನ ಓದುವಾಗ ಹಿಂದಿನ ಬೆಂಚುಗಳು ಸುಮ್ಮನಾಗಿಬಿಟ್ಟವು. ಭಾವನ ಸ್ವರವೊಂದೇ ಕೇಳುತ್ತಿತ್ತು. ಪುಸ್ತಕ ಮನೆಯಲ್ಲಿಟ್ಟು ಪರದೆ ನಂಬಿ ಬಂದವರ ಬಾಯಿ ನಾನೇ ಕಟ್ಟಿದ್ದೆ.

ಈಗ ಚಿತ್ರವೆಲ್ಲ ತೆಗೆದಿದ್ದೇನೆ. ಕಡುನೀಲಿಯ ಮೇಲೆ ದಪ್ಪ ಬಿಳಿ ಅಕ್ಷರ, ನಾಲ್ಕೇ ಸಾಲು. ಸಾಲಿನ ನಡುವೆ ಜಾಗ ಬಿಡು, ಇಲ್ಲದಿದ್ದರೆ ಮೇಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಯ ಮೇಲೆ ಕೂರುತ್ತದೆ. ಪ್ರಸಂಗಕ್ಕೆ ಪರದೆಗೊಂದೇ ಮಾತು ಸಾಕು, ಉಳಿದದ್ದನ್ನು ಅಯ್ಯನವರು ಹೇಳುತ್ತಾರೆ. ಹಾಂ, ಓದಿಸಿ ನೋಡುವಾಗ ಬಾಯಿಪಾಠ ಬರುವ ವಚನ ಹಾಕಲೇಬೇಡ. ಸ್ತ್ರೀಸಮಾಜದ ಹೊಸ ಪ್ರಕಟಣೆ ಹಾಕು.

ನಿನ್ನೆ ಎಸ್ತೇರಮ್ಮ ಗಟ್ಟಿಯಾಗಿ ಓದಿದರು. ಅವರ ಕೈ ಹಿಡಿದು ಕ್ಷಮೆ ಕೇಳಿದೆ. "ಬಿಡೇ ಹುಡುಗಿ" ಅಂದರು.

ದೇವರು ನಿನ್ನನ್ನೂ ಮಕ್ಕಳನ್ನೂ ಕಾಯಲಿ, ನಿನ್ನ ಕೈಕೆಲಸವನ್ನು ಆಶೀರ್ವದಿಸಲಿ.

ನಿನ್ನ ಅಕ್ಕ,
ಹೇಮಾವತಿ

ತಾ.ಕ.: ಎರಡು ಶನಿವಾರದ ಹಿಂದೆ, ಓದಿಸುತ್ತಿದ್ದಾಗಲೇ ಪ್ರೊಜೆಕ್ಟರ್ ಆರಿ ಪರದೆ ಖಾಲಿಯಾಯಿತು. ನಾನು ಬಗ್ಗಿ ವೈರ್ ನೋಡುತ್ತಿದ್ದೆ. ಭಾವ ಓದುತ್ತಲೇ ಇದ್ದರು. ಮೂರನೆಯ ವಚನ, ನಾಲ್ಕನೆಯದು. ಮುಗಿಸಿ, "ಇವತ್ತು ಅಕ್ಷರ ಭಾರಿ ಚೆನ್ನಾಗಿದೆ" ಅಂದರು. ಕರೆದೊಯ್ದು ತೋರಿಸಿದಾಗ ಶಿವಮೊಗ್ಗದ ಡಾಕ್ಟರು, ಕಣ್ಣಿನ ನರ ಒಣಗಿದೆ, ಹೋದ ದೃಷ್ಟಿ ಮರಳಿ ಬರುವುದಿಲ್ಲ ಎಂದರು. ಒಂದು ವರ್ಷದಿಂದ ಚರ್ಚಿಗೆ ನನ್ನ ಕೈ ಹಿಡಿದೇ ಬರುತ್ತಿದ್ದರಲ್ಲ ಆಶಾ, ನಾನು ಅದನ್ನು ಪ್ರೀತಿ ಅಂದುಕೊಂಡಿದ್ದೆ. "ಯಾಕೆ ಹೇಳ್ಲಿಲ್ರೀ?" ಎಂದು ಅತ್ತುಬಿಟ್ಟೆ. "ಹೇಳ್ಬೇಕು ಅಂತಿದ್ದೆ, ಎಸ್ತೇರಮ್ಮಂಗೆ ನೀ ಅಂದದ್ದು ಕೇಳಿದ್ನಲ್ಲ" ಅಂದರು. ಅಷ್ಟೇ.

ಇದನ್ನು ಅವರ ಪಕ್ಕದಲ್ಲೇ ಕುಳಿತು ಬರೆಯುತ್ತಿದ್ದೇನೆ. ಏನು ಬರೆದೆ ಎಂದು ಈಗ ಕೇಳಿದರು. ಸ್ಲೈಡಿನ ವಿಷಯ ಎಂದೆ.