ನವಾಬರ ಮನೆಯ ಪನಾಹ್

ಆರ್.ಟಿ. ನಗರ
14 ಜುಲೈ 2024

ಪ್ರೀತಿಯ ಮುನಿಕೃಷ್ಣಮ್ಮ,

ಚೆನ್ನಾಗಿದ್ದೀಯಾ? ಮೊಣಕಾಲು ನೋವು ಹೇಗಿದೆ? ಬಕ್ರೀದ್‌ಗೆ ನೀನು ಕಳಿಸಿದ ಹಲಸಿನ ಹಣ್ಣು ತಿಂದು ಮುಗಿಸಿ ಎಷ್ಟು ದಿನವಾಯಿತೋ, ಒಂದು ಮಾತು ತಿಳಿಸಲಿಲ್ಲ. ಎಷ್ಟು ಬೇಕೋ ಅಷ್ಟು ಬೈದುಕೋ. ಫೋನಿನಲ್ಲಿ ಮಾತಾಡಿದರೆ ಅಣ್ಣನ ಕಿವಿಗೆ ಬೀಳುತ್ತದೆ. ಅದಕ್ಕೇ ನಿಮ್ಮೂರಿನ ಹೂವಿನವಳ ಕೈಯಲ್ಲಿ ಈ ಕಾಗದ.

ಶಾಲೆಯಲ್ಲಿ ನೀನು 'ರಾಣೀಸಾಬ್' ಎಂದು ರೇಗಿಸುತ್ತಿದ್ದೆಯಲ್ಲ, ಆ ರಾಣೀಸಾಬ್ ಗಂಡ ಸತ್ತ ಮೇಲೆ ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿ ಬಿದ್ದಿದ್ದಾಳೆ. ಅಣ್ಣನ ಜಂಬ ಮಾತ್ರ ಹಾಗೇ ಇದೆ. ಯಾರೇ ಬರಲಿ, ಚಹಾ ಆರುವ ಮೊದಲೇ ಶುರು. ನಾವು ಕಂದಹಾರದ ಪಠಾಣರು, ದಖ್ಖಣಕ್ಕೆ ಬಂದು ನವಾಬರಾದವರು. ಪನಾಹ್ ಕೇಳಿ ಬಂದ ಯಾರೋ ಅಪರಿಚಿತನನ್ನು ಶತ್ರುಗಳಿಗೆ ಒಪ್ಪಿಸಲಾರದೆ ನಮ್ಮ ಮುತ್ತಜ್ಜ ಸಂಸ್ಥಾನವನ್ನೇ ಕಳೆದುಕೊಂಡ! ಪನಾಹ್ ಎಂದು ಆಸರೆ ಬೇಡಿದವರನ್ನು ಪಠಾಣ ಬಿಟ್ಟುಕೊಡುವುದಿಲ್ಲವಂತೆ.

ಹೋದ ವಾರ ನನ್ನ ಮಗಳು ಮುನ್ನಿ ಓಡಿ ಬಂದಳು. ತುಟಿ ಒಡೆದಿತ್ತು, ಕಾಲಲ್ಲಿ ಚಪ್ಪಲಿ ಇರಲಿಲ್ಲ. ಅಳಿಯ ಹೊಡೆಯುತ್ತಾನೆಂದು ನಿನಗೆ ಮೊದಲೇ ಹೇಳಿದ್ದೆ. "ಮಾಮೂ, ನಂಗೆ ಪನಾಹ್ ಕೊಡಿ" ಎಂದು ಅಣ್ಣನ ಕಾಲು ಹಿಡಿದಳು. ಅಣ್ಣನ ಕಣ್ಣಲ್ಲೂ ನೀರು ಬಂತು, ಸುಳ್ಳು ಹೇಳಲಾರೆ. ಆದರೆ ಏನಂದ ಗೊತ್ತಾ?

"ಪನಾಹ್ ಕೇಳೋದು ಹೊರಗಿನೋರು ಕಣಮ್ಮ. ನೀನು ಮನೆ ಮಗಳು. ಅವ್ನೂ ನಮ್ ರಕ್ತಾನೇ, ನವಾಬ್ರ ಮನೆ ಹುಡುಗ. ಅವನ್ ಹೆಂಡ್ತೀನ ನಾನು ತಡೆದ್ರೆ ನಾಲ್ಕು ಜನ ಏನಂತಾರೆ?"

ಸಂಜೆ ತಾನೇ ಕಾರಿನಲ್ಲಿ ಕೂರಿಸಿಕೊಂಡು ಯಶವಂತಪುರಕ್ಕೆ, ಅವಳ ಗಂಡನ ಮನೆಗೆ ಬಿಟ್ಟು ಬಂದ. ನಾನು ಗೇಟು ಹಿಡಿದು ಅತ್ತೆ, ಅಷ್ಟೇ. ಅಂದಿನಿಂದ ಅನ್ನ ಸೇರುತ್ತಿಲ್ಲ.

ನಿನ್ನ ಹುಣಸಮಾರನಹಳ್ಳಿ ಮನೆಯ ಮಹಡಿ ರೂಮು ಖಾಲಿ ಇದೆಯಲ್ಲ? ಹೇಗಾದರೂ ಮಾಡಿ ಅವಳನ್ನು ನಿನ್ನ ಹತ್ತಿರ ಕಳಿಸುತ್ತೇನೆ. ಇಲ್ಲ ಅನ್ನಬೇಡ ಕಣೇ. ಕೇಳಲು ನನಗೆ ಇನ್ನೊಬ್ಬರಿಲ್ಲ.

ನಿನ್ನ ಮಕ್ಕಳು ಮೊಮ್ಮಕ್ಕಳನ್ನು ದೇವರು ತಣ್ಣಗಿಟ್ಟಿರಲಿ.

ನಿನ್ನ
ಮಲ್ಕಾ

ತಾ.ಕ.: ಕಾಗದ ಮಡಚಿಡುವಷ್ಟರಲ್ಲಿ ಅಳಿಯ ಬಂದ. "ಮುನ್ನಿ ಎಲ್ಲಿ?" ಎಂದು ಕೂಗಾಡಿದ. ನಿನ್ನೆಯಿಂದ ಅವಳು ಮನೆಯಲ್ಲಿಲ್ಲವಂತೆ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದಾರೆ. ನಿಜವಾಗಿಯೂ ನನಗೆ ಗೊತ್ತಿಲ್ಲ, ಮುನಿಕೃಷ್ಣಮ್ಮ. ಚಿಕ್ಕವಳಿದ್ದಾಗ ರಜೆಗೆ ನಿನ್ನಲ್ಲಿಗೆ ಬರುತ್ತಿದ್ದಳು, ದಾರಿ ಅವಳಿಗೆ ನೆನಪಿರಬೇಕು. ಬಂದಿದ್ದರೆ ಒಳಗೆ ಕರೆದುಕೊಂಡು ಬಾಗಿಲು ಹಾಕಿಕೋ. ಬಂದಳೆಂದು ನನಗೂ ಹೇಳಿ ಕಳಿಸಬೇಡ. ಇವರು ಗದರಿಸಿ ಕೇಳಿದರೆ ನಾನು ಬಾಯಿಬಿಟ್ಟೇನು.