ಬೂಟಿನೊಳಗಿನ ಹಗ್ಗ

ಮಾರ್ಚ್ ೧೪, ಗುರುವಾರ.

ಬ್ರೈಲ್ ಚುಚ್ಚೋಕೂ ಕೈ ಏಳ್ತಿಲ್ಲ. ಅರ್ಧ ಸೆಕೆಂಡಿನಲ್ಲಿ ನಾನೂರು ಮೀಟರ್ ಓಟದ ಫೈನಲ್ ತಪ್ಪಿತು. ಕೋಚ್ ಮುಖ ಕೊಟ್ಟು ಮಾತಾಡ್ತಿಲ್ಲವಂತೆ. ಕೊಟ್ಟಿದ್ರೆ ನನಗೇನು ಕಾಣ್ತಿತ್ತಾ!

ಹನ್ನೊಂದು ವರ್ಷದಿಂದ ನನ್ನ ಪಕ್ಕದಲ್ಲಿ ಓಡೋದು ಅಣ್ಣ. ಇಬ್ಬರ ಕೈಗೂ ಸೇರಿ ಒಂದು ಗೇಣುದ್ದದ ಹಗ್ಗ. ತಿರುವು ಬಂದ್ರೆ ಅವನೇ ಹೇಳ್ಬೇಕು, ಗೆರೆ ಬಂದ್ರೆ ಅವನೇ ಕೂಗ್ಬೇಕು. ಇವತ್ತು ಮುನ್ನೂರು ಮೀಟರಿಗೇ ಅವನಿಗೆ ಏದುಸಿರು. ಹಗ್ಗ ಹಿಂದಕ್ಕೆ ಜಗ್ಗಿತು. ನನ್ನ ಕಾಲಲ್ಲಿ ಇನ್ನೂ ಕಸುವಿತ್ತು, ಸುಳ್ಳು ಯಾಕೆ. ಅಷ್ಟು ಜನರೆದುರು ಅಣ್ಣ ಸೋಲಬಾರದು ಅಂತ ನಾನೇ ನಿಧಾನ ಮಾಡಿದೆ.

ರೂಮಿಗೆ ಬಂದ ಮೇಲೆ ಕೇಳಿದ, "ಏನಾಯ್ತೇ ನಿಂಗೆ?"

"ಎಡಗಾಲಿನ ಮೀನಖಂಡ ಹಿಡ್ಕೊಂಡ್ಬಿಡ್ತು ಕಣೋ."

ಎಣ್ಣೆ ತಂದು ತಿಕ್ಕೋಕೆ ಕೂತ. ಎಲ್ಲಿ ಒತ್ತಿದ್ರೂ ಗಂಟಿಲ್ಲ. ನನ್ನ ಕಾಲು ನನಗಿಂತ ಅವನಿಗೇ ಚೆನ್ನಾಗಿ ಗೊತ್ತು. ಆದ್ರೂ ತುಂಬಾ ಹೊತ್ತು ತಿಕ್ಕಿದ. "ನಾಳೆಗೆ ಸರಿಹೋಗತ್ತೆ ಬಿಡು" ಅಂದ.

ಹಗ್ಗ ಯಾವಾಗಲೂ ಅವನ ಜೇಬಲ್ಲೇ ಇರೋದು. ನಾನು ಕಳೀತೀನಂತೆ. ಈಗ ನನ್ನ ಬೂಟು ಎತ್ತಿಡೋಣ ಅಂತ ತಡವಿದ್ರೆ, ಒಳಗಿದೆ. ಮುಂದೆ ಇದನ್ನ ಕಟ್ಟಿಕೊಂಡು ನನ್ನ ಪಕ್ಕ ಓಡೋರಿಗೆ ತನ್ನ ಬೆವರು ತಾಗದ ಹಾಗೆ ಒಗೆದು, ಮಡಚಿ ಇಟ್ಟಿದ್ದಾನೆ. ಇನ್ನೂ ಒದ್ದೆ.