ಇಬ್ಬರಿಗೆ ಒಂದೇ ಮೊಳೆ

ಕಂದರ ರಕ್ಷಣಾ ಕಚೇರಿಯ ಮುಖ್ಯಾಧಿಕಾರಿಗಳೇ,

ಒಂಟಿಯಾಗಿ ಕಂದರಕ್ಕಿಳಿಯುವುದು ಅಪಾಯವೆಂದು ತಾವು ಅದನ್ನು ನಿಷೇಧಿಸಿದಿರಿ. ತಮ್ಮ ಅಪ್ಪಣೆಯಂತೆ ಜೊತೆಯಾಗಿ ಹೋಗಿ, ಕಾಲು ಮುರಿದುಕೊಂಡು, ರಾತ್ರಿಯಿಡೀ ಒಂಟಿಯಾಗಿ ಅಲ್ಲೇ ಬಿದ್ದಿದ್ದವಳು ಈ ಪತ್ರ ಬರೆಯುತ್ತಿದ್ದೇನೆ.

ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವಳು. ವಾರವಿಡೀ ಅಂಗೈಯೊಳಗಿನ ಗಾಜನ್ನೇ ನೋಡುವ ಕಣ್ಣಿಗೆ ರಜೆಯ ದಿನವಾದರೂ ದೂರ ಬೇಕು. ಬೆಳಿಗ್ಗೆ ಇಳಿದು, ದಾರಿಯೇ ಇಲ್ಲದ ಬಂಡೆಗಳನ್ನು ಹತ್ತಿಳಿದು, ಸಂಜೆಗೆ ಮೇಲೆ ಬರುವುದು ನನ್ನ ಬಹುಕಾಲದ ಅಭ್ಯಾಸ. ಮಾತಿಗೆ ಜನ ಬೇಕಾದರೆ ಅಂಗಡಿಯಲ್ಲೇ ಧಾರಾಳವಾಗಿದ್ದಾರೆ. ಮೊದಲೆಲ್ಲ ಗೇಟಿನ ಹಲಗೆಯ ಮೊಳೆಯಿಂದ ತಲೆಗೊಂದು ಟೋಕನ್ ತೆಗೆದು ಕೊಡುತ್ತಿದ್ದರು. ಮರಳಿ ಬಂದವರು ಅದನ್ನು ಅಲ್ಲೇ ನೇತುಹಾಕಬೇಕು. ಹೊತ್ತು ಮುಳುಗಿದಾಗ ಯಾವುದಾದರೂ ಮೊಳೆ ಖಾಲಿ ಇದ್ದರೆ ಕಾವಲುಗಾರ ಸೀಟಿ ಊದುತ್ತಾ ಹುಡುಕಲು ಇಳಿಯುತ್ತಿದ್ದ. ಇಷ್ಟು ಸರಳವಾದದ್ದನ್ನು ಕಚೇರಿ ಸಹಿಸೀತೇ? 'ಕನಿಷ್ಠ ಇಬ್ಬರು' ಎಂಬ ಫಲಕ ಬಂತು. ಇಬ್ಬರಿಗೂ ಸೇರಿ ಒಂದೇ ಟೋಕನ್ ಆಯಿತು.

ತಮಗೆ ಗೊತ್ತಿರಲಾರದು, ಗೇಟಿನ ಮುಂದೆ ಈಗ ಜೋಡಿ ಕೂಡಿಸುವ ಕೆಲಸ ಭರದಿಂದ ಸಾಗಿದೆ. "ಅಕ್ಕಾ, ಇವ್ರೂ ಒಬ್ರೇ ಇದಾರೆ, ಇವ್ರ ಜೊತೆ ಸೇರ್ಕೊಂಡ್ಬಿಡಿ" ಎಂದು ಕಾವಲುಗಾರನೇ ನನ್ನನ್ನು ಕ್ಯಾಮೆರಾದವನೊಬ್ಬನಿಗೆ ಗಂಟುಹಾಕಿದ. ಮೊದಲ ತಿರುವಿನಲ್ಲೇ ಆತ, "ನಾನು ಈ ಕಡೆ ಹೋಗ್ತೀನಿ, ಟೋಕನ್ ನನ್ ಹತ್ರಾನೇ ಇರ್ಲಿ" ಎಂದ. "ಆಯ್ತಪ್ಪ" ಎಂದೆ. ಎಲ್ಲರೂ ಮಾಡುವುದು ಹಾಗೆಯೇ. ಮಧ್ಯಾಹ್ನ ಆತ ಮೇಲೆ ಬಂದು, ಟೋಕನ್ ನೇತುಹಾಕಿ, ಮನೆಗೆ ಹೋದ. ಅಷ್ಟರಲ್ಲಿ ನಾನು ಕೊರಕಲೊಂದರಲ್ಲಿ ಸಡಿಲ ಕಲ್ಲಿನ ಮೇಲೆ ಕಾಲಿಟ್ಟು ಉರುಳಿದ್ದೆ.

ಸಂಜೆ ಸೀಟಿಯ ಸದ್ದಿಗಾಗಿ ಮೈಯೆಲ್ಲ ಕಿವಿಯಾಗಿ ಕಾದೆ. ಬರಲಿಲ್ಲ. ಕೂಗಿ ಕೂಗಿ ಗಂಟಲು ಕಟ್ಟಿತು. ಹೆದರಿ ಅತ್ತೆ, ಹೇಳಲು ನನಗೇನೂ ನಾಚಿಕೆಯಿಲ್ಲ. ಅತ್ತ ನನ್ನ ಅಕ್ಕ ಗೇಟಿಗೆ ಫೋನಿನ ಮೇಲೆ ಫೋನು ಮಾಡಿದರೆ, "ಎಲ್ಲಾ ಮೊಳೇಲೂ ಟೋಕನ್ ಇದೆ ಅಮ್ಮ, ಒಳಗೆ ಯಾರೂ ಇಲ್ಲ" ಎಂಬ ಉತ್ತರ. ಬೆಳಕು ಹರಿಯುತ್ತಲೇ ಅವಳು ಗೇಟಿಗೇ ಬಂದು ನಿಂತಳು. "ನನ್ ತಂಗಿ ಮನೇಲಿಲ್ಲ. ನಿನ್ ಮೊಳೇಲಿ ನೇತಾಡ್ತಿದಾಳಾ? ಬೀಗ ತೆಗಿ ಮೊದ್ಲು!" ಆ ಬೈಗುಳದ ಪುಣ್ಯದಿಂದ ಇಂದು ಬದುಕಿದ್ದೇನೆ.

ದೂರು ಕೊಟ್ಟೆ. ತಾವು ತಡಮಾಡದೆ ಕ್ರಮ ಕೈಗೊಂಡಿರಿ, ಸಂತೋಷ. ಫಲಕದಲ್ಲಿ 'ಇಬ್ಬರು' ಅಳಿಸಿ 'ನಾಲ್ವರು' ಎಂದು ಬರೆಸಿದ್ದೀರಿ. ಟೋಕನ್ ಮಾತ್ರ ಈಗಲೂ ಒಂದೇ! ಅಂದರೆ ಇನ್ನು ಮೂವರು ಒಳಗೇ ಉಳಿದರೂ ಹಲಗೆ ಭರ್ತಿಯಾಗಿರುತ್ತದೆ. ಆ ಮೂವರಲ್ಲಿ ತಮ್ಮ ಮಗಳೋ ತಂಗಿಯೋ ಇದ್ದರೆ, ಹಲಗೆ ನೋಡಿ ತಾವು ನೆಮ್ಮದಿಯಾಗಿ ನಿದ್ರಿಸಬಲ್ಲಿರಾ?

ನನ್ನ ಮೂಳೆ ಕೂಡುತ್ತಿದೆ. ಕೂಡಿದ ಮೇಲೆ ಮತ್ತೆ ಇಳಿಯುತ್ತೇನೆ, ಒಬ್ಬಳೇ. ಇಷ್ಟು ಕಾಲ ನನ್ನ ನಡಿಗೆಗೆ ಶಾಪ ಹಾಕುತ್ತಿದ್ದ ಅಕ್ಕನೇ, "ಹೋಗು. ನಾನು ಗೇಟಲ್ಲೇ ಕೂತಿರ್ತೀನಿ, ನೀನು ಬರೋವರ್ಗೂ ಏಳಲ್ಲ" ಎಂದಿದ್ದಾಳೆ. ಅವಳಿಗೆ ಮಂಡಿನೋವು, ಸ್ವಾಮಿ. ತಮ್ಮ ಕೆಲಸವನ್ನು ಅವಳಿಂದ ಮಾಡಿಸಬೇಡಿ. ಫಲಕ ಕಿತ್ತುಹಾಕಿ, ಮೊದಲಿನಂತೆ ತಲೆಗೊಂದು ಟೋಕನ್ ಕೊಡಿ. ನಾನು ಒಳಗಿರುವಷ್ಟು ಹೊತ್ತು ನನ್ನದೊಂದು ಮೊಳೆ ಖಾಲಿ ಇರಲಿ.

ಇಂತಿ,
ತಮ್ಮ ಹಲಗೆಯ ಪ್ರಕಾರ ಅಂದು ಮಧ್ಯಾಹ್ನವೇ ಸುಖವಾಗಿ ಮನೆ ಸೇರಿದ್ದ
ಊರುಗೋಲಿನವಳು